ಹಿಮದ ನಾಡಿನ ಗರ್ಭಿಣಿಯ ಉಡುಪು

ಯುದ್ಧ, ಒಪ್ಪಂದ, ಪಟ್ಟಾಭಿಷೇಕಗಳನ್ನು ಕುರಿತು ಸಾವಿರಾರು ಪುಟಗಳನ್ನು ಬರೆದಿರುವ ಚರಿತ್ರಕಾರರು ಒಂದು ಸಣ್ಣ ಪ್ರಶ್ನೆಯನ್ನು ಅಪರೂಪವಾಗಿ ಮಾತ್ರ ಕೇಳಿರುವರು. ಕೊಳಾಯಿಯ ನೀರು ಕೊಳಾಯಿಯಲ್ಲಿಯೇ ಹೆಪ್ಪುಗಟ್ಟುವ ದೇಶದಲ್ಲಿ, ಏಳು ತಿಂಗಳು ತುಂಬಿದ ಗರ್ಭಿಣಿಯು ಜನವರಿಯ ಬೆಳಗಿನಲ್ಲಿ ಏನನ್ನು ತೊಟ್ಟು ಅಂಗಡಿಗೆ ಹೋಗುತ್ತಿದ್ದಳು? ಆ ಉಡುಪು ಬೆಚ್ಚಗಿರಬೇಕು, ಆದರೆ ಬಿಗಿಯಾಗಬಾರದು. ದಪ್ಪವಾಗಿರಬೇಕು, ಆದರೆ ಸೊಂಟಕ್ಕೆ ಭಾರವಾಗಬಾರದು. ವಾರವಾರಕ್ಕೂ ಬದಲಾಗುವ ಮೈಗೆ ಹೊಂದಬೇಕು. ಕೆಲವೇ ತಿಂಗಳಲ್ಲಿ ಬೇಡವಾಗುವ ವಸ್ತುವಾದುದರಿಂದ ಅದಕ್ಕಾಗಿ ಮನೆಯ ಹಣವನ್ನೆಲ್ಲ ಸುರಿಯುವಂತೆಯೂ ಇಲ್ಲ. ಇಷ್ಟು ನಿಬಂಧನೆಗಳುಳ್ಳ ಉಡುಪು ಮತ್ತೊಂದಿರಲಾರದು. ಇಂಗ್ಲೆಂಡಿನ ಹೆಂಗಸರು ಈ ಪ್ರಶ್ನೆಗೆ ಒಂದೊಂದು ಕಾಲದಲ್ಲಿ ಒಂದೊಂದು ಬಗೆಯಾಗಿ ಕಂಡುಕೊಂಡ ಉತ್ತರವನ್ನೂ, ಒಂದು ಸಲ ಸರ್ಕಾರವೇ ಅವರ ಪರವಾಗಿ ಉತ್ತರ ಹೇಳಹೋದ ಸಂದರ್ಭವನ್ನೂ ಕೇಳುಗರ ಮುಂದೆ ಇಡಬೇಕೆಂದು ನಾವು ಬಯಸಿದ್ದೇವೆ.

ನಮ್ಮ ನಾಡಿನ ಕೇಳುಗರಿಗೆ ಈ ಪ್ರಶ್ನೆಯೇ ಸ್ವಲ್ಪ ವಿಚಿತ್ರವಾಗಿ ತೋರಬಹುದು. ಕನ್ನಡದಲ್ಲಿ ಬಸುರಿಯ ಬಯಕೆಗೆ ಹೆಸರುಂಟು, ಸೀಮಂತಕ್ಕೆ ಹೆಸರುಂಟು, ಬಾಣಂತಿಯ ಪಥ್ಯಕ್ಕೂ ಕಷಾಯಕ್ಕೂ ಹೆಸರುಂಟು. ಬಸುರಿಯ ಉಡುಪೆಂಬುದಕ್ಕೆ ಮಾತ್ರ ಬೇರೊಂದು ಹೆಸರಿಲ್ಲ. ಬೇಕಾಗಲಿಲ್ಲ, ಆದುದರಿಂದ ಹುಟ್ಟಲಿಲ್ಲ. ಹದಿನೆಂಟು ಮೊಳದ ಸೀರೆಗೆ ಹೊಲಿಗೆಯಿಲ್ಲ. ನಿರಿಗೆಯನ್ನು ನಾಲ್ಕು ಬೆರಳು ಸಡಿಲಿಸಿದರೆ ಐದನೆಯ ತಿಂಗಳಿಗೆ ಸರಿಹೋಗುವುದು, ಮತ್ತೆ ನಾಲ್ಕು ಬೆರಳು ಸಡಿಲಿಸಿದರೆ ಒಂಬತ್ತನೆಯದಕ್ಕೆ. ಮುಂದೆ ಗಂಟು ಹಾಕುವ ಹಳೆಯ ಕುಪ್ಪಸವೂ ಇದೇ ಜಾಣತನವುಳ್ಳದ್ದು. ಚಳಿ ಹೆಚ್ಚಾದರೆ ಮೇಲೊಂದು ಕಂಬಳಿ. ಕತ್ತರಿ ಬಿದ್ದ ಬಟ್ಟೆಗೇ ಈ ತೊಡಕೆಲ್ಲ. ಬಟ್ಟೆಯನ್ನು ಮೈಯ ಅಳತೆಗೆ ಕತ್ತರಿಸಿ ಹೊಲಿದ ದಿನದಿಂದ, ಮೈ ಬದಲಾದಾಗ ಏನು ಮಾಡುವುದೆಂಬ ಚಿಂತೆಯೂ ಅದರ ಬೆನ್ನಿಗೇ ಬಂದಿತು.

ಹಳೆಯ ಕಾಲದ ಉಡುಪನ್ನು ತಿಳಿಯಲು ಚಿತ್ರಗಳನ್ನು ನೋಡುವ ರೂಢಿಯುಂಟು. ಆದರೆ ಚಿತ್ರವು ಎಲ್ಲ ಕಡೆಯೂ ನಂಬಲರ್ಹವಾದ ಸಾಕ್ಷಿಯಲ್ಲ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಯಾನ್ ವಾನ್ ಐಕ್ ಎಂಬ ಚಿತ್ರಕಾರನು 1434ರಲ್ಲಿ ಬರೆದ ದಂಪತಿಗಳ ಪಟವೊಂದಿದೆ. ಹಸಿರು ಬಣ್ಣದ, ತುಪ್ಪುಳಿನ ಅಸ್ತರುಳ್ಳ ಭಾರಿಯ ನಿಲುವಂಗಿಯನ್ನು ತೊಟ್ಟ ಆ ಸ್ತ್ರೀಯನ್ನು ಕಂಡವರೆಲ್ಲರೂ ಗರ್ಭಿಣಿಯೆಂದೇ ಎಣಿಸುವರು. ವಿದ್ವಾಂಸರಲ್ಲಿ ಹೆಚ್ಚಿನವರು ಹಾಗೆಣಿಸುವುದಿಲ್ಲ. ನೆಲಕ್ಕೆ ಬೀಳುವಷ್ಟು ಉದ್ದವಾದ ಅಂಗಿಯನ್ನು ಆಕೆ ಕೈಯಿಂದ ಎತ್ತಿ ಹೊಟ್ಟೆಯ ಮುಂದೆ ಹಿಡಿದಿರುವಳಷ್ಟೆ ಎಂಬುದು ಅವರ ಮತ. ಆದರೆ 1595ರ ಸುಮಾರಿಗೆ ಮಾರ್ಕಸ್ ಘೇರರ್ಟ್ಸ್ ಎಂಬಾತನು ಇಂಗ್ಲೆಂಡಿನಲ್ಲಿ ಬರೆದ ಹೆಸರು ತಿಳಿಯದ ಮಹಿಳೆಯ ಪಟದಲ್ಲಿ ಇಂಥ ಸಂದೇಹಕ್ಕೆ ಎಡೆಯಿಲ್ಲ. ಮುತ್ತುಗಳಿಂದ ಅಲಂಕರಿಸಿದ ಆಕೆಯ ಉಡುಪು ತುಂಬಿದ ಒಡಲನ್ನು ಮರೆಸುವುದಿಲ್ಲ, ತೋರಿಸುತ್ತದೆ. ಎಲಿಜಬೆತ್ ರಾಣಿಯ ಕಾಲದಲ್ಲಿ ಗರ್ಭವು ಪಟ ಬರೆಯಿಸಿಕೊಳ್ಳತಕ್ಕ ಸಂಭ್ರಮವಾಗಿದ್ದಿತು. ಅದು ಮುಚ್ಚಿಡತಕ್ಕ ಸಂಗತಿಯಾದುದು ಬಹಳ ಈಚೆಗೆ. ಈ ಮಾತನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದೆ ಚಳಿಗೂ ನಾಚಿಕೆಗೂ ನಡೆದ ಜಗಳದಲ್ಲಿ ಅದು ಉಪಯೋಗಕ್ಕೆ ಬರುವುದು.

ಸಾಮಾನ್ಯರ ಮನೆಗೆ ಬರೋಣ. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಹಳ್ಳಿಯ ಹೆಂಗಸಿನ ಉಡುಪು ಹೊಲಿದದ್ದಾದರೂ ಕಟ್ಟಿಕೊಳ್ಳುವಂಥದು. ಒಳಲಂಗಕ್ಕೆ ಎರಡು ಪಕ್ಕಗಳಲ್ಲಿಯೂ ಸೀಳಿದ್ದು, ಹಿಂಭಾಗಕ್ಕೊಂದು ಮುಂಭಾಗಕ್ಕೊಂದು ಬೇರೆ ಬೇರೆ ಕಸೆಗಳಿರುತ್ತಿದ್ದವು. ಹೊಟ್ಟೆ ಬೆಳೆದಂತೆಲ್ಲ ಮುಂದಿನ ಕಸೆಯನ್ನು ಸಡಿಲವಾಗಿ, ಸ್ವಲ್ಪ ಮೇಲಕ್ಕೆ ಕಟ್ಟಿಕೊಂಡರಾಯಿತು. ಪಕ್ಕದ ಸೀಳು ಅಗಲವಾಗಿ ಕಂಡರೆ ಅದನ್ನು ಮರೆಸಲು ಮುಂದೊಂದು ಅಗಲವಾದ ಏಪ್ರನ್ನು. ಮೇಲಿನ ಅಂಗಿಯು ಮುಂದೆ ತೆರೆದಿದ್ದು, ಅದನ್ನು ಗುಂಡಿಗಳಿಂದಲ್ಲ, ಸೂಜಿಗಳಿಂದ ಚುಚ್ಚಿ ನಿಲ್ಲಿಸುತ್ತಿದ್ದರು; ಇಂದು ಒಂದು ಕಡೆ, ಬರುವ ತಿಂಗಳು ಇನ್ನೊಂದು ಕಡೆ. ಎಲುಬುಕಡ್ಡಿಯ ಬಿಗಿಗವಚವನ್ನು ತೊಡಲಾರದವರಿಗೆ ‘ಜಂಪ್ಸ್’ ಎಂಬ ಮೆತ್ತನೆಯ, ಮುಂದೆ ಕಸೆ ಕಟ್ಟುವ ತೋಳಿಲ್ಲದ ಅಂಗಿಯಿದ್ದಿತು. ನಮ್ಮ ಹಿರಿಯರ ಕಸೆ ಅಂಗಿಯನ್ನು ಬಲ್ಲವರಿಗೆ ಇದರ ಉಪಾಯವನ್ನು ವಿವರಿಸಬೇಕಾಗಿಲ್ಲ.

ಚಳಿಗೆ ಅವರ ಮುಖ್ಯವಾದ ರಕ್ಷಣೆಯು ಕೌದಿಯಂತೆ ಹೊಲಿದ ಒಳಲಂಗ. ಎರಡು ಪದರ ಬಟ್ಟೆಯ ನಡುವೆ ಉಣ್ಣೆಯನ್ನು ಹರಡಿ, ಮೇಲೆ ಒತ್ತೊತ್ತಾಗಿ ಹೊಲಿಗೆ ಹಾಕಿದ್ದು. ಬೆಚ್ಚಗಿಡುವುದು ಬಟ್ಟೆಯಲ್ಲ, ಬಟ್ಟೆಯ ನಡುವೆ ಸಿಕ್ಕಿಕೊಂಡು ನಿಂತ ಗಾಳಿ ಎಂಬ ವಿಜ್ಞಾನದ ಮಾತನ್ನು ಆ ಹೆಂಗಸರು ಓದಿರಲಿಲ್ಲ, ಕೈಯಿಂದ ಕಂಡುಕೊಂಡಿದ್ದರು. ಉಣ್ಣೆಗೆ ಇನ್ನೊಂದು ಗುಣವಿದೆ: ತೇವವಾದರೂ ಅದು ಹತ್ತಿಯಂತೆ ಮೈಗಂಟಿಕೊಂಡು ತಣ್ಣಗಾಗುವುದಿಲ್ಲ. ಇವೆಲ್ಲದರ ಮೇಲೆ, ಹೊರಗೆ ಹೊರಟಾಗ, ತಲೆಗವಸುಳ್ಳ ಉಣ್ಣೆಯ ನಿಲುಹೊದಿಕೆ. ಹಳ್ಳಿಯ ಹೆಂಗಸರಲ್ಲಿ ಅದು ಬಹುಮಟ್ಟಿಗೆ ಕೆಂಪು. ಕತ್ತಿನ ಬಳಿ ಕಟ್ಟಿ ಕೆಳಕ್ಕೆ ಇಳಿಬಿಟ್ಟ ಆ ಹೊದಿಕೆಗೆ ಒಳಗಿರುವವಳು ಕನ್ಯೆಯೋ, ತುಂಬು ಗರ್ಭಿಣಿಯೋ, ಮಗುವನ್ನೆತ್ತಿಕೊಂಡ ತಾಯಿಯೋ ಎಂಬ ಭೇದವೇ ಇರಲಿಲ್ಲ. ಭಾರವೆಲ್ಲ ಹೆಗಲಿನ ಮೇಲೆ, ಸೊಂಟಕ್ಕೆ ಏನೂ ಇಲ್ಲ. ಚಳಿಗಾಲದ ಗರ್ಭಿಣಿಗೆ ಇದಕ್ಕಿಂತ ಉತ್ತಮವಾದ ಹೊರ ಉಡುಪನ್ನು ಮುಂದಿನ ಯಾವ ದರ್ಜಿಯೂ ಹೊಲಿಯಲಿಲ್ಲವೆಂದು ನಮ್ಮ ಅಭಿಪ್ರಾಯ.

ಹತ್ತೊಂಬತ್ತನೆಯ ಶತಮಾನದ ನಡುವಿನ ದಶಕಗಳಲ್ಲಿ ಈ ಕೆಲಸವನ್ನು ಶಾಲು ಮಾಡಿತು. ಇಲ್ಲಿ ನಮ್ಮ ದೇಶಕ್ಕೂ ಒಂದು ಸಂಬಂಧವುಂಟು. 1846ರ ಅಮೃತಸರದ ಒಪ್ಪಂದದಲ್ಲಿ ಮಹಾರಾಜ ಗುಲಾಬ್ ಸಿಂಗನು ಬ್ರಿಟಿಷ್ ಸರ್ಕಾರಕ್ಕೆ ವರ್ಷವರ್ಷವೂ ಒಂದು ಕುದುರೆ, ಶಾಲಿನ ಉಣ್ಣೆ ಕೊಡುವ ಹನ್ನೆರಡು ಮೇಕೆಗಳು ಮತ್ತು ಮೂರು ಜೊತೆ ಕಾಶ್ಮೀರ ಶಾಲುಗಳನ್ನು ಸಲ್ಲಿಸತಕ್ಕದ್ದೆಂದು ಬರೆದಿರುವುದು. 1840ರಿಂದ 1857ರವರೆಗೆ ಒಂಬತ್ತು ಮಕ್ಕಳನ್ನು ಹೆತ್ತ ವಿಕ್ಟೋರಿಯಾ ರಾಣಿಗೆ ಶಾಲಿನ ಉಪಯೋಗವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಕಾಶ್ಮೀರದ್ದನ್ನು ಕೊಳ್ಳಲಾರದವರಿಗೆ ಸ್ಕಾಟ್ಲೆಂಡಿನ ಪೇಸ್ಲಿ ಪಟ್ಟಣದ ಮಗ್ಗಗಳು ಅದರ ಅನುಕರಣವನ್ನು ನೆಯ್ದುಕೊಟ್ಟವು. ನಮ್ಮ ಮಾವಿನಕಾಯಿ ಬುಟ್ಟಾಕ್ಕೆ ಆ ಊರಿನ ಹೆಸರೇ ಅಂಟಿಕೊಂಡದ್ದು ಹೀಗೆ. 1870ರ ಸುಮಾರಿಗೆ ಲಂಗದ ಹಿಂಭಾಗವನ್ನು ಉಬ್ಬಿಸಿ ಮುಂಭಾಗವನ್ನು ಚಪ್ಪಟೆಯಾಗಿಸುವ ಹೊಸ ಮಾದರಿ ಬಂದಿತು. ಅದರ ಮೇಲೆ ಶಾಲು ಸರಿಯಾಗಿ ಕೂಡಲಿಲ್ಲ, ಶಾಲು ಹೋಯಿತು. ಮೈಗೆ ಅಂಟಿದಂತೆ ಹೊಲಿದ ಕೋಟು ಬಂದಿತು.

ಬಂದ ಕೋಟಿಗೆ ಗುಂಡಿಗಳಿದ್ದವು. ಗುಂಡಿಯು ಕಸೆಯಂತೆ ದಯಾಳುವಲ್ಲ. ಅದು ಒಂದೇ ಅಳತೆಯನ್ನು ಬಲ್ಲದು. ಜೊತೆಗೆ, ಗರ್ಭವನ್ನು ಮಾತಿನಲ್ಲಿ ಹೇಳುವುದೂ ಮೈಯಲ್ಲಿ ತೋರಿಸುವುದೂ ಅಸಭ್ಯವೆಂಬ ಭಾವನೆಯು ಮಧ್ಯಮ ವರ್ಗದಲ್ಲಿ ಬೇರೂರಿದ್ದಿತು. ಗರ್ಭಿಣಿಯರಿಗೆಂದೇ ಪಕ್ಕದಲ್ಲಿ ಕಸೆಗಳುಳ್ಳ ಕಾರ್ಸೆಟ್ಟುಗಳನ್ನು ಮಾರುತ್ತಿದ್ದರು. ವೈದ್ಯರು ಬೇಡವೆಂದು ಬರೆದರು, ಹೆಂಗಸರು ತೊಟ್ಟರು. ಅನುಕೂಲವುಳ್ಳವಳು ಕಡೆಯ ತಿಂಗಳುಗಳಲ್ಲಿ ಮನೆಯೊಳಗೆ ಬೆಂಕಿಯ ಗೂಡಿನ ಬಳಿ ಸಡಿಲವಾದ ನಿಲುವಂಗಿಯಲ್ಲಿ ಇದ್ದುಬಿಡುತ್ತಿದ್ದಳು. ಅವಳಿಗೆ ಚಳಿಗಾಲದ ಹೊರ ಉಡುಪೇ ಬೇಕಾಗಿರಲಿಲ್ಲ. ಬೀದಿಗೆ ಹೋಗಲೇಬೇಕಾಗಿದ್ದ ಬಡವಳು ಮುಂದೆ ಮುಚ್ಚಿಕೊಳ್ಳದ ಕೋಟನ್ನು ಒಂದು ಕೈಯಿಂದ ಹಿಡಿದುಕೊಂಡು ನಡೆದಳು. ಮೈಯಲ್ಲಿ ಬೆಚ್ಚಗಿರಬೇಕಾದ ಭಾಗವೇ ಗಾಳಿಗೆ ತೆರೆದಿದ್ದಿತು.

ಈ ಅವಿವೇಕವನ್ನು ಎದುರಿಸಿದವರೂ ಇದ್ದರು. 1881ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಯುಕ್ತ ಉಡುಪಿನ ಸಂಘವು, ಹೆಂಗಸು ತೊಡುವ ಒಳ ಉಡುಪಿನ ಒಟ್ಟು ಭಾರವು ಏಳು ಪೌಂಡನ್ನು, ಎಂದರೆ ಮೂರು ಕಿಲೋಗ್ರಾಮಿಗೆ ಸ್ವಲ್ಪ ಹೆಚ್ಚನ್ನು, ಮೀರಬಾರದೆಂದು ಸಾರಿತು. ಮಿತಿಯೇ ಏಳು ಪೌಂಡಾದರೆ ರೂಢಿ ಎಷ್ಟಿದ್ದಿರಬೇಕೆಂಬುದನ್ನು ಕೇಳುಗರೇ ಊಹಿಸಬಹುದು. ಭಾರವನ್ನು ಸೊಂಟದಿಂದ ಹೆಗಲಿಗೆ ಸಾಗಿಸಬೇಕೆಂಬುದೂ ಆ ಕಾಲದ ಸುಧಾರಕರ ವಾದವಾಗಿತ್ತು. ಅದೇ ದಶಕದಲ್ಲಿ ಗುಸ್ತಾವ್ ಯೇಗರ್ ಎಂಬ ಜರ್ಮನ್ ವಿದ್ವಾಂಸನು ಮೈಗೆ ತಾಗುವುದೆಲ್ಲ ಉಣ್ಣೆಯಾಗಿರಬೇಕೆಂದು ಬೋಧಿಸಿದನು. 1884ರಲ್ಲಿ ಲಂಡನ್ನಿನಲ್ಲಿ ಅವನ ಹೆಸರಿನ ಅಂಗಡಿಯೂ ಆಯಿತು. ಬರ್ನಾರ್ಡ್ ಷಾ ಆ ಉಣ್ಣೆಯ ಸೂಟನ್ನು ತೊಟ್ಟು ತಿರುಗಿದನು. ಇವರಾರೂ ಗರ್ಭಿಣಿಯರಿಗಾಗಿ ಮುಖ್ಯವಾಗಿ ಹೋರಾಡಲಿಲ್ಲ. ಆದರೂ ಹೆಗಲಿನಿಂದ ತೂಗುವ ಹಗುರವಾದ ಉಣ್ಣೆಯ ಉಡುಪೆಂಬುದು ಅವರಿಗೇ ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದ ವಸ್ತು.

ಬಡವರ ಪಾಲಿಗೆ ಇದ್ದುದೇನು? ಫ್ಲೋರಾ ಥಾಂಪ್ಸನ್ ಎಂಬ ಲೇಖಕಿಯು 1939ರಲ್ಲಿ ಪ್ರಕಟಿಸಿದ ‘ಲಾರ್ಕ್ ರೈಸ್’ ಎಂಬ ಪುಸ್ತಕದಲ್ಲಿ, 1880ರ ದಶಕದ ಆಕ್ಸ್‌ಫರ್ಡ್‌ಷೈರಿನ ಕುಗ್ರಾಮವೊಂದರ ಬಾಳನ್ನು ಚಿತ್ರಿಸುತ್ತ, ಹೆರಿಗೆಯ ಸಮಯದಲ್ಲಿ ಮನೆಯಿಂದ ಮನೆಗೆ ಹೋಗುತ್ತಿದ್ದ ಒಂದು ಪೆಟ್ಟಿಗೆಯನ್ನು ವರ್ಣಿಸುವಳು. ಪಾದ್ರಿಯ ಮಗಳು ಹೊಲಿದು, ಹರಿದುದನ್ನು ತೇಪೆ ಹಾಕಿ, ಬೇಕಾದವರಿಗೆ ಎರವಲು ಕೊಡುತ್ತಿದ್ದ ಪೆಟ್ಟಿಗೆ ಅದು. ಅದರಲ್ಲಿ ಮಗುವಿಗೆ ಪುಟ್ಟ ಅಂಗಿಗಳು, ಫ್ಲಾನೆಲ್ಲಿನ ಸುತ್ತುಬಟ್ಟೆಗಳು, ರಾತ್ರಿಯ ಅಂಗಿಗಳು ಎಲ್ಲವೂ ಅರ್ಧ ಡಜನಿನಂತೆ ಇರುತ್ತಿದ್ದವು. ತಾಯಿಗೆ ಸ್ವಲ್ಪ ಚಹ, ಸಕ್ಕರೆ, ಗಂಜಿಯ ಧಾನ್ಯ. ಒಳ್ಳೆಯ ಮನಸ್ಸಿನಿಂದ ಕೊಟ್ಟ ಪೆಟ್ಟಿಗೆ ಎಂಬುದರಲ್ಲಿ ಸಂಶಯವಿಲ್ಲ. ಆದರೂ ಅದನ್ನು ತುಂಬಿದ ಕೈಯು ಮಗುವಿನ ಮೈಯನ್ನು ನೆನೆಯಿತು, ತಾಯಿಯ ಮೈಯನ್ನು ನೆನೆಯಲಿಲ್ಲ. ಹೆಂಗಸರ ಸಹಕಾರ ಗಿಲ್ಡು 1915ರಲ್ಲಿ ಪ್ರಕಟಿಸಿದ, ದುಡಿಯುವ ವರ್ಗದ ತಾಯಂದಿರ 160 ಪತ್ರಗಳ ಸಂಗ್ರಹವನ್ನು ಓದಿದರೆ ತಾಯಂದಿರೂ ತಮ್ಮನ್ನು ತಾವು ಕಡೆಗೇ ನೆನೆದುಕೊಂಡರೆಂಬುದು ವಿದಿತವಾಗುವುದು. ಹೆರಿಗೆಯ ಖರ್ಚಿಗೆಂದು ಹೊಟ್ಟೆಗೆ ತಿನ್ನದೆ ಕೂಡಿಟ್ಟವರ ಮಾತುಗಳು ಅದರಲ್ಲಿವೆ.

ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಗರ್ಭಿಣಿಯ ಉಡುಪು ಬೆಳೆದು ದೊಡ್ಡ ವ್ಯಾಪಾರವಾದುದು ಅಮೆರಿಕದಲ್ಲಿ. ಲಿಥುವೇನಿಯಾದಿಂದ ಬಂದು ನ್ಯೂಯಾರ್ಕಿನಲ್ಲಿ ಹೊಲಿಗೆಯಿಂದ ಬದುಕುತ್ತಿದ್ದ ಲೀನಾ ಬ್ರಯಂಟ್ ಎಂಬ ವಿಧವೆಯು 1904ರಲ್ಲಿ ಅಂಗಡಿ ತೆರೆದು, ಸೊಂಟಕ್ಕೆ ಎಲಾಸ್ಟಿಕ್ಕನ್ನೂ ಕೆಳಗೆ ನಿರಿಗೆಗಳನ್ನೂ ಇಟ್ಟ ಅಂಗಿಯನ್ನು ಮಾಡಿದಳು. ಬ್ಯಾಂಕಿನ ಕಾಗದದಲ್ಲಿ ಲೀನಾ ಎಂಬುದು ಲೇನ್ ಎಂದು ತಪ್ಪಾಗಿ ಬಿದ್ದು, ಅಂಗಡಿಗೆ ಲೇನ್ ಬ್ರಯಂಟ್ ಎಂಬ ಹೆಸರೇ ನಿಂತಿತಂತೆ. ಇಂಥ ಉಡುಪಿನ ಜಾಹೀರಾತನ್ನು ಅಚ್ಚುಹಾಕಲು ಪತ್ರಿಕೆಗಳು ಬಹಳ ಕಾಲ ಒಪ್ಪಲಿಲ್ಲ. 1911ರಲ್ಲಿ ನ್ಯೂಯಾರ್ಕ್ ಹೆರಾಲ್ಡ್ ಒಪ್ಪಿತು. ಮರುದಿನವೇ ಅಂಗಡಿಯ ಸರಕೆಲ್ಲ ಖರ್ಚಾಯಿತು. ಬೇಕಾದವರು ಎಷ್ಟು ಜನ ಸುಮ್ಮನೆ ಕಾದಿದ್ದರೆಂಬುದಕ್ಕೆ ಬೇರೆ ಸಾಕ್ಷಿ ಏಕೆ?

ಇನ್ನು ಎರಡನೆಯ ಮಹಾಯುದ್ಧಕ್ಕೆ ಬರುತ್ತೇವೆ. ನಮ್ಮ ಕಥೆಯ ತಿರುಳಿರುವುದು ಇಲ್ಲಿಯೇ.

1941ನೆಯ ಜೂನ್ 1ನೆಯ ತಾರೀಖು ಭಾನುವಾರ. ಅಂಗಡಿಗಳು ಮುಚ್ಚಿದ್ದ ಹಬ್ಬದ ದಿನ. ಬೆಳಗಿನ ರೇಡಿಯೋದಲ್ಲಿ ವ್ಯಾಪಾರ ಖಾತೆಯ ಅಧ್ಯಕ್ಷರಾಗಿದ್ದ ಆಲಿವರ್ ಲಿಟಲ್‌ಟನ್ನರು, ಅಂದಿನಿಂದ ಬಟ್ಟೆಯು ರೇಷನ್ನಿನ ವಸ್ತುವೆಂದು ಸಾರಿದರು. ಮೊದಲೇ ಸುಳಿವು ಕೊಟ್ಟಿದ್ದರೆ ಅಂಗಡಿಗಳು ಒಂದೇ ದಿನದಲ್ಲಿ ಬರಿದಾಗುತ್ತಿದ್ದವು. ಆದುದರಿಂದ ಪುಸ್ತಕಗಳನ್ನು ಕೂಡ ಬೇರೆಯಾಗಿ ಅಚ್ಚುಹಾಕಿಸಿರಲಿಲ್ಲ. ಆಹಾರದ ರೇಷನ್ ಪುಸ್ತಕದಲ್ಲಿ ಉಪಯೋಗವಾಗದೆ ಉಳಿದಿದ್ದ ಮಾರ್ಗರೀನಿನ ಕೂಪನ್ನುಗಳೇ ಮೊದಲಿಗೆ ಬಟ್ಟೆಯ ಕೂಪನ್ನುಗಳಾದವು. ಗಿರಣಿಗಳು ಸೈನಿಕರ ಸಮವಸ್ತ್ರವನ್ನು ನೆಯ್ಯಬೇಕಾಗಿದ್ದಿತು. ಕೆಲಸಗಾರರು ಮದ್ದುಗುಂಡಿನ ಕಾರ್ಖಾನೆಗಳಿಗೆ ಬೇಕಾಗಿದ್ದರು. ಬಡವ ಬಲ್ಲಿದರೆಂಬ ಭೇದವಿಲ್ಲದೆ ಎಲ್ಲರಿಗೂ ಸಮನಾಗಿ ಹಂಚುವ ಈ ಏರ್ಪಾಡು ತತ್ತ್ವದಲ್ಲಿ ನ್ಯಾಯವಾದುದೆಂಬುದನ್ನು ನಾವು ಒಪ್ಪುತ್ತೇವೆ.

ಮೊದಲನೆಯ ವರ್ಷಕ್ಕೆ ತಲೆಗೆ 66 ಕೂಪನ್ನುಗಳು. ಹೆಂಗಸಿನ ಅಸ್ತರು ಹಾಕಿದ ಕೋಟಿಗೆ 14, ಉಣ್ಣೆಯ ಅಂಗಿಗೆ 11, ಕಾರ್ಡಿಗನ್ನಿಗೆ 5, ಪಾದರಕ್ಷೆಗೆ 5, ರಾತ್ರಿಯ ಅಂಗಿಗೆ 6, ಒಳಲಂಗಕ್ಕೆ 4, ಕಾಲುಚೀಲದ ಜೊತೆಯೊಂದಕ್ಕೆ 2. ಚಳಿಗಾಲಕ್ಕೆಂದು ಇವುಗಳಲ್ಲಿ ಒಂದೊಂದನ್ನೂ, ಕಾಲುಚೀಲ ಮಾತ್ರ ಎರಡು ಜೊತೆಯನ್ನೂ ಕೊಂಡರೆ 49 ಆಗುವುದು. ಉಳಿದ 17ರಲ್ಲಿ ವರ್ಷದ ಮಿಕ್ಕ ಬಟ್ಟೆಯೆಲ್ಲ. ಯುದ್ಧವು ಮುಂದುವರಿದಂತೆ ಈ ಸಂಖ್ಯೆಯೂ ಇಳಿಯಿತು. ಯುದ್ಧ ಮುಗಿದ ಮೇಲೆಯಾದರೂ ಏರಿತೇ ಎಂದರೆ, 1945ರ ಸೆಪ್ಟೆಂಬರಿನಿಂದ 1946ರ ಏಪ್ರಿಲ್ ಕಡೆಯವರೆಗಿನ ಎಂಟು ತಿಂಗಳಿಗೆ ಕೊಟ್ಟದ್ದು 24 ಕೂಪನ್ನು ಮಾತ್ರ. ಆ ಎಂಟು ತಿಂಗಳಲ್ಲಿ ಒಂದು ಚಳಿಗಾಲ ಪೂರ್ತಿಯಾಗಿ ಸೇರಿದೆ. ಕೋಟನ್ನು ಕೊಂಡವಳಿಗೆ ಅಂಗಿಯಿಲ್ಲ, ಅಂಗಿಯನ್ನು ಕೊಂಡವಳಿಗೆ ಕೋಟಿಲ್ಲ ಎಂಬ ಲೆಕ್ಕ.

ಗರ್ಭಿಣಿಯನ್ನು ಸರ್ಕಾರವು ಮರೆಯಲಿಲ್ಲ. ವೈದ್ಯರ ಅಥವಾ ಸೂಲಗಿತ್ತಿಯ ಪ್ರಮಾಣಪತ್ರವನ್ನು ತೋರಿಸಿದವಳಿಗೆ ಹಸಿರು ಬಣ್ಣದ ಬೇರೊಂದು ರೇಷನ್ ಪುಸ್ತಕ ದೊರೆಯುತ್ತಿದ್ದಿತು. ಅದರಿಂದ ದಿನಕ್ಕೊಂದು ಪೈಂಟು ಹಾಲು, ಕಿತ್ತಿಳೆಯ ರಸ, ಕಾಡ್ ಮೀನೆಣ್ಣೆ. ಬಟ್ಟೆಗಾಗಿಯೂ ಮೊದಲು 50, ಆಮೇಲೆ 60 ಹೆಚ್ಚಿನ ಕೂಪನ್ನುಗಳು. ಕೇಳಲು ಉದಾರವಾಗಿಯೇ ಇದೆ. ಆದರೆ ಈ ಅರುವತ್ತರ ಉದ್ದೇಶವೇನೆಂದು ವಿಚಾರಿಸಬೇಕು. ಅವು ಮುಖ್ಯವಾಗಿ ಹುಟ್ಟಲಿರುವ ಮಗುವಿಗಾಗಿ: ಸುತ್ತುಬಟ್ಟೆ, ಕುಲಾವಿ, ಕುಂಚಿಗೆ, ಹೊದಿಕೆ, ಹೆಣೆಯುವ ಉಣ್ಣೆ. ಉಣ್ಣೆಯು ಎರಡು ಔನ್ಸಿಗೆ ಒಂದು ಕೂಪನ್ನಿನಂತೆ. ತಾಯಿಯು ತನ್ನಲ್ಲಿರುವ ಬಟ್ಟೆಯನ್ನೇ ಬಿಚ್ಚಿ ಅಗಲ ಮಾಡಿಕೊಳ್ಳತಕ್ಕದ್ದೆಂಬುದು ಅಧಿಕಾರಿಗಳ ಎಣಿಕೆ. ಪಾದ್ರಿಯ ಮಗಳ ಪೆಟ್ಟಿಗೆಯು ಅರುವತ್ತು ವರ್ಷಗಳ ಮೇಲೆ ಸರ್ಕಾರದ ಪುಸ್ತಕವಾಗಿ ಬಂದಿತೆಂದು ನಮಗೆ ತೋರುತ್ತದೆ. ಇದು ಇಂಗ್ಲೆಂಡಿನ ದೋಷ ಮಾತ್ರವಲ್ಲ. ಅಲ್ಲಿಗಿಂತ ಕಡುಚಳಿಯ ಫಿನ್ಲೆಂಡಿನಲ್ಲಿ 1938ರಿಂದ ಬಡ ತಾಯಂದಿರಿಗೂ 1949ರಿಂದ ಎಲ್ಲ ತಾಯಂದಿರಿಗೂ ಸರ್ಕಾರವು ಕೊಡುತ್ತ ಬಂದ ಹೆಸರಾಂತ ಪೆಟ್ಟಿಗೆಯಲ್ಲಿಯೂ ಹೆಚ್ಚಿನದು ಮಗುವಿನ ಬಟ್ಟೆಯೇ.

ಇರುವ ಬಟ್ಟೆಯನ್ನು ಅಗಲ ಮಾಡಿಕೊಳ್ಳುವುದೂ ಸುಲಭವಾಗಿರಲಿಲ್ಲ. 1942ರ ಮಿತವ್ಯಯದ ನಿಯಮಗಳು ಹೆಂಗಸರ ಸಾಮಾನ್ಯವಾದ ಅಂಗಿಗೆ ಎರಡಕ್ಕಿಂತ ಹೆಚ್ಚು ಜೇಬು, ಐದಕ್ಕಿಂತ ಹೆಚ್ಚು ಗುಂಡಿ ಇರಬಾರದೆಂದೂ, ಲಂಗಕ್ಕೆ ಆರು ಹೊಲಿಗೆ, ಎರಡು ದೊಡ್ಡ ಮಡಿಕೆ ಅಥವಾ ನಾಲ್ಕು ಸಣ್ಣ ಮಡಿಕೆ ಸಾಕೆಂದೂ ವಿಧಿಸಿದ್ದವು. ಬಟ್ಟೆಯ ಉಳಿತಾಯಕ್ಕೆ ಇದು ಸರಿ. ಆದರೆ ಮಡಿಕೆ ಎಂಬುದು ಅಲಂಕಾರವೊಂದೇ ಅಲ್ಲ. ಬೇಕಾದಾಗ ಬಿಚ್ಚಿ ಅಗಲಿಸಿಕೊಳ್ಳಲು ಕೂಡಿಟ್ಟ ಬಟ್ಟೆ ಅದು. ಅದನ್ನು ಕತ್ತರಿಸಿದ ಮೇಲೆ ಬಿಚ್ಚುವುದೇನನ್ನು? ಅದೇ ವರ್ಷ ಫೆಬ್ರುವರಿಯಲ್ಲಿ ಸಿಂಗಪುರವು ಜಪಾನಿನ ವಶವಾಯಿತು. ಮಲಯದ ರಬ್ಬರಿನೊಡನೆ ಇಂಗ್ಲೆಂಡಿನ ಎಲಾಸ್ಟಿಕ್ಕೂ ಹೋಯಿತು. ಲೀನಾ ಬ್ರಯಂಟಳ ಅಂಗಿಯ ಗುಟ್ಟೇ ಎಲಾಸ್ಟಿಕ್ಕು. ಯುದ್ಧಕಾಲದ ಇಂಗ್ಲೆಂಡಿನಲ್ಲಿ ಅದು ಕಾರ್ಸೆಟ್ಟಿಗೂ ಒಳ ಉಡುಪಿಗೂ ಸಾಲದಷ್ಟು ದುರ್ಲಭವಾಗಿ, ಗರ್ಭಿಣಿಯರೂ ಬಾಣಂತಿಯರೂ ನೆಚ್ಚಿಕೊಂಡಿದ್ದ ಆಸರೆಯ ಪಟ್ಟಿಗಳು ಒಂದೆರಡು ತಿಂಗಳಿಗೇ ಸಡಿಲವಾದವು.

ಹೀಗಿರುವಾಗ ಅವರು ಮಾಡಿದ್ದೇನು? ಇಲ್ಲಿ ನಮಗೆ ಚರಿತ್ರೆಯ ಅತ್ಯಂತ ಸ್ವಾರಸ್ಯವಾದ ಭಾಗವು ಕಾಣುವುದು. ಅವರು ತಮಗರಿಯದೆಯೇ ಹದಿನೆಂಟನೆಯ ಶತಮಾನಕ್ಕೆ ಹಿಂತಿರುಗಿದರು. ಗುಂಡಿಯ ಲಂಗವನ್ನು ಬಿಚ್ಚಿ, ಸುತ್ತಿಕೊಂಡು ಪಕ್ಕದಲ್ಲಿ ಕಟ್ಟುವ ಲಂಗವನ್ನಾಗಿ ಮಾಡಿದರು. ಅಂಗಿಯ ಎರಡು ಪಕ್ಕಗಳನ್ನೂ ಸೀಳಿ ಬೇರೊಂದು ಹಳೆಯ ಬಟ್ಟೆಯ ಪಟ್ಟಿಯನ್ನು ಕೂಡಿಸಿದರು. ಬಣ್ಣ ಹೊಂದದಿದ್ದರೆ ಮೇಲೆ ಏಪ್ರನ್ನು. ಲಂಗಕ್ಕೆ ಹೆಗಲಿನಿಂದ ಪಟ್ಟಿಯನ್ನು ತಂದು ಭಾರವನ್ನು ಮೇಲಕ್ಕೆ ಸಾಗಿಸಿದರು. ಗಂಡನು ಯುದ್ಧಕ್ಕೆ ಹೋಗಿದ್ದರೆ ಅವನ ಓವರ್‌ಕೋಟು ಮನೆಯಲ್ಲಿ ತೂಗುತ್ತಿದ್ದಿತು. ಅದಕ್ಕಿಂತ ಅಗಲವಾದ ಬೆಚ್ಚನೆಯ ವಸ್ತು ಊರಿನಲ್ಲಿ ಮತ್ತೊಂದಿರಲಿಲ್ಲ. ಕಂಬಳಿಯನ್ನು ಕತ್ತರಿಸಿ ಕೋಟು ಹೊಲಿದವರೂ ಉಂಟು. ವ್ಯಾಪಾರ ಖಾತೆಯು 1943ರಲ್ಲಿ ‘ಇದ್ದುದರಲ್ಲಿ ಸುಧಾರಿಸಿಕೊಳ್ಳಿ, ಹರಿದುದನ್ನು ಹೊಲಿದುಕೊಳ್ಳಿ’ ಎಂಬ ಅರ್ಥದ ಹೆಸರುಳ್ಳ ಚಿಕ್ಕ ಪುಸ್ತಕವನ್ನು ಹೊರಡಿಸಿ, ಗಂಡಸಿನ ಬಟ್ಟೆಯಿಂದ ಹೆಂಗಸಿನ ಬಟ್ಟೆಯನ್ನು ಮಾಡುವುದನ್ನೂ, ಹಳೆಯ ಹೆಣಿಗೆಯನ್ನು ಬಿಚ್ಚಿ ಮತ್ತೆ ಹೆಣೆಯುವುದನ್ನೂ ಉಪದೇಶಿಸಿತು. ತಾಯಂದಿರಿಗೆ ಗೊತ್ತಿದ್ದುದನ್ನೇ ತಾಯಂದಿರಿಗೆ ಹೇಳಿತೆಂದು ಕೆಲವರು ಗೊಣಗಿದರೆ ಆಶ್ಚರ್ಯವಿಲ್ಲ.

ಹೆಣಿಗೆಯ ವಿಷಯವಾಗಿ ಒಂದು ಮಾತು. ಗರ್ಭಿಣಿಗೆ ಹೆಣೆದ ಉಣ್ಣೆಯು ನೆಯ್ದ ಉಣ್ಣೆಗಿಂತ ಅನುಕೂಲ. ಏಕೆಂದರೆ ಅದರ ಕುಣಿಕೆಗಳು ಎಳೆದಷ್ಟು ಹಿಗ್ಗುವುವು. ಗರ್ಭಿಣಿಯ ಮೈಯಲ್ಲಿ ರಕ್ತದ ಪ್ರಮಾಣವು ಬಹಳ ಹೆಚ್ಚುವುದರಿಂದ ಆಕೆಗೆ ಕೆಲವು ವೇಳೆ ಇತರರಿಗಿಂತ ಸೆಕೆಯೇ ಆಗುವುದು. ಬೀದಿಯಲ್ಲಿ ನಡುಗಿದವಳು ಜನ ತುಂಬಿದ ಬಸ್ಸಿನಲ್ಲಿ ಬೆವರುವಳು. ಆದುದರಿಂದ ಒಂದು ದಪ್ಪ ಬಟ್ಟೆಗಿಂತ ಮೂರು ತೆಳುವಾದ ಬಟ್ಟೆಗಳು ಮೇಲು. ಒಂದೊಂದಾಗಿ ತೆಗೆಯಬಹುದು, ಮತ್ತೆ ಹಾಕಬಹುದು. ಮುಂದೆ ತೆರೆದ ಕಾರ್ಡಿಗನ್ನು ಈ ಕೆಲಸಕ್ಕೆ ಹೇಳಿಮಾಡಿಸಿದಂತಿದ್ದಿತು. ಮೇಲಿನ ಎರಡು ಗುಂಡಿಗಳನ್ನು ಹಾಕಿ ಕೆಳಗಿನವುಗಳನ್ನು ಬಿಟ್ಟರಾಯಿತು. ಮಗು ಹುಟ್ಟಿದ ಮೇಲೆ ಮೊಲೆಯೂಡಲೂ ಅದೇ ಸರಿ.

ಇಷ್ಟೆಲ್ಲಕ್ಕೂ ಪರೀಕ್ಷೆಯು ಒದಗಿದ್ದು ಯುದ್ಧದಲ್ಲಲ್ಲ, ಶಾಂತಿಯಲ್ಲಿ. ಸೈನಿಕರು ಮನೆಗೆ ಮರಳಿದರು. 1947ರಲ್ಲಿ ಇಂಗ್ಲೆಂಡು ವೇಲ್ಸುಗಳಲ್ಲಿ ಸುಮಾರು 8 ಲಕ್ಷ 80 ಸಾವಿರ ಮಕ್ಕಳು ಹುಟ್ಟಿದರು. 1920ರ ಮೇಲೆ ಅಷ್ಟು ಜನನಗಳಾಗಿರಲಿಲ್ಲ. ಆ ವರ್ಷದ ವಸಂತದಲ್ಲಿಯೂ ಬೇಸಿಗೆಯಲ್ಲಿಯೂ ಹುಟ್ಟಿದ ಮಕ್ಕಳ ತಾಯಂದಿರೆಲ್ಲರೂ ಅದಕ್ಕೆ ಹಿಂದಿನ ಚಳಿಗಾಲವನ್ನು ಗರ್ಭಿಣಿಯರಾಗಿ ಕಳೆದವರು. ಆ ಚಳಿಗಾಲವಾದರೋ ಆ ದೇಶದ ಜನರು ಬಹಳ ಕಾಲ ಮರೆಯದಂಥದು. ಜನವರಿ 22ರಿಂದ ಮಾರ್ಚ್ 17ರವರೆಗೆ ಐವತ್ತೈದು ದಿನ, ದೇಶದ ಒಂದಲ್ಲ ಒಂದು ಕಡೆ ಹಿಮ ಬೀಳದ ದಿನವಿಲ್ಲ. ರೈಲುಗಳು ಹಿಮದಲ್ಲಿ ಹೂತು ನಿಂತವು. ಗಣಿಯ ಬಾಯಲ್ಲಿ ಕಲ್ಲಿದ್ದಲು ಬಿದ್ದಿದ್ದರೂ ಊರಿಗೆ ಬರಲಿಲ್ಲ. ಫೆಬ್ರುವರಿ 7ರಂದು ಇಂಧನ ಮಂತ್ರಿಗಳಾದ ಎಮಾನ್ಯುಯೆಲ್ ಷಿನ್‌ವೆಲ್ಲರು ಪಾರ್ಲಿಮೆಂಟಿನಲ್ಲಿ ವಿದ್ಯುತ್ತಿನ ಕಡಿತವನ್ನು ಸಾರಿದರು. ದೇಶದ ಹೆಚ್ಚಿನ ಭಾಗದಲ್ಲಿ ಮನೆಗಳಿಗೆ ಹಗಲಿನಲ್ಲಿ ಐದು ಗಂಟೆಗಳ ಕಾಲ ವಿದ್ಯುತ್ತಿಲ್ಲ. ಬಿ.ಬಿ.ಸಿ.ಯವರ ಮೂರನೆಯ ಕಾರ್ಯಕ್ರಮವೂ ಟೆಲಿವಿಷನ್ನೂ ಕೆಲವು ಕಾಲ ನಿಂತುಹೋದವು.

ಗಂಡಸು ಕಾರ್ಖಾನೆಗೂ ಮಕ್ಕಳು ಶಾಲೆಗೂ ಹೋದಾರು. ಹಗಲಿನ ಆ ಐದು ಗಂಟೆಗಳನ್ನು ಮನೆಯಲ್ಲಿ ಕಳೆದವಳು ಗೃಹಿಣಿ. ಒಲೆಯಲ್ಲಿ ಇದ್ದಲಿಲ್ಲ, ಮಲಗುವ ಕೋಣೆಯಲ್ಲಿ ಬೆಂಕಿಯೆಂಬುದು ಮೊದಲೇ ಇಲ್ಲ, ಹೊರಗೆ ಹೊರಟರೆ ಆಲೂಗಡ್ಡೆಗೂ ಸಾಲು. ಊದಿಕೊಂಡ ಕಾಲಿಗೆ ಹಳೆಯ ಪಾದರಕ್ಷೆ ಹಿಡಿಸದು. ಹೊಸದಕ್ಕೆ ಕೂಪನ್ನು ಬೇಕು. ಹಸಿರು ಪುಸ್ತಕದ ಅರುವತ್ತನ್ನು ಮಗುವಿನ ಕಂಬಳಿಗೆ ಹಾಕುವುದೋ, ತನ್ನ ಕಾಲಿಗೆ ಹಾಕುವುದೋ? ತಾಯಂದಿರಲ್ಲಿ ಬಹುಮಂದಿ ಯಾವುದಕ್ಕೆ ಹಾಕಿದ್ದಿರಬೇಕೆಂಬುದನ್ನು ಊಹಿಸಲು ಕಷ್ಟವಿಲ್ಲ. ಸಂಜೆಗೆ ಮನೆಮಂದಿ ಕೋಟುಗಳನ್ನು ತೊಟ್ಟುಕೊಂಡೇ ಊಟಕ್ಕೆ ಕುಳಿತರು. ರಾತ್ರಿ ಅವೇ ಕೋಟುಗಳು ಹೊದಿಕೆಯ ಮೇಲಿನ ಹೊದಿಕೆಯಾದವು.

ಅದೇ ಫೆಬ್ರುವರಿ 12ರಂದು ಪ್ಯಾರಿಸಿನಲ್ಲಿ ಕ್ರಿಶ್ಚಿಯನ್ ಡಿಯೋರನು ಹೊಸ ಮಾದರಿಯ ಉಡುಪುಗಳನ್ನು ಪ್ರದರ್ಶಿಸಿದನು. ಲಂಗವೊಂದಕ್ಕೆ ಗಜಗಟ್ಟಲೆ ಬಟ್ಟೆ. ಸೊಂಟ ಮಾತ್ರ ಹಿಡಿಯಲ್ಲಿ ಹಿಡಿಯುವಷ್ಟು ಸಣ್ಣದು. ಲಂಡನ್ನಿನಲ್ಲಿ ವ್ಯಾಪಾರ ಖಾತೆಯವರಾಗಿದ್ದ ಸ್ಟಾಫರ್ಡ್ ಕ್ರಿಪ್ಸರು ಸಿಡಿಮಿಡಿಗೊಂಡರು. ಅಷ್ಟು ಬಟ್ಟೆಯಿದ್ದರೆ ಎಷ್ಟು ಗರ್ಭಿಣಿಯರ ಕೋಟುಗಳು ಮುಂದೆ ಮುಚ್ಚಿಕೊಳ್ಳುತ್ತಿದ್ದವೆಂದು ಯಾರಾದರೂ ಲೆಕ್ಕ ಹಾಕಿದರೋ ಇಲ್ಲವೋ. ಆ ಕಾಲಕ್ಕೆ ಅವರಲ್ಲಿ ಬಳಕೆಯಲ್ಲಿದ್ದ ‘ಸ್ವ್ಯಾಗರ್’ ಎಂಬ, ಹೆಗಲಿನಿಂದ ಗಂಟೆಯಂತೆ ಅಗಲವಾಗಿ ಇಳಿಯುವ ಕೋಟೊಂದು ಯಾರಿಗಾದರೂ ದೊರೆತಿದ್ದರೆ ಅವಳೇ ಭಾಗ್ಯವಂತೆ. ಹಳ್ಳಿಯ ಹಳೆಯ ಕೆಂಪು ಹೊದಿಕೆಗೆ ತೋಳು ಬಂದಿದ್ದರೆ ಹೀಗೆಯೇ ಇರುತ್ತಿದ್ದಿತು.

ಬಟ್ಟೆಯ ರೇಷನ್ನು ಮುಗಿದದ್ದು 1949ನೆಯ ಮಾರ್ಚ್ 15ರಂದು, ಚಳಿಗಾಲವು ಕಳೆಯುತ್ತಿದ್ದ ಹೊತ್ತಿನಲ್ಲಿ. ಅಷ್ಟರೊಳಗೆ 1948ರ ಜುಲೈ 5ರಿಂದ ಹೆರಿಗೆಯ ವೈದ್ಯೋಪಚಾರವು ಎಲ್ಲರಿಗೂ ಉಚಿತವಾಗಿದ್ದಿತು.

ಲಂಡನ್ನಿನ ವಸ್ತುಸಂಗ್ರಹಾಲಯಗಳಲ್ಲಿ ಆ ಕಾಲದ ಕೂಪನ್ ಪುಸ್ತಕಗಳು, ಸರ್ಕಾರದ ಮಾದರಿಯ ಅಂಗಿಗಳು, ಮದುವೆಯ ಉಡುಪುಗಳು ಈಗಲೂ ನೋಡಸಿಗುವುವು. ಗರ್ಭಿಣಿಯು ಪಕ್ಕದಲ್ಲಿ ಪಟ್ಟಿ ಕೂಡಿಸಿಕೊಂಡು ತೊಟ್ಟ ಅಂಗಿ, ಮೇಲಿನ ಎರಡು ಗುಂಡಿ ಮಾತ್ರ ಸವೆದ ಕಾರ್ಡಿಗನ್ನು ಇಂಥವು ಉಳಿದಿರುವುದು ಅಪರೂಪ. ಅವುಗಳಲ್ಲಿ ಎಷ್ಟೋ ತಾಯಿಗೆ ಬೇಡವಾದ ವಾರವೇ ಬಿಚ್ಚಿಹೋದವು. ಉಣ್ಣೆಯನ್ನು ಕುರ್ಚಿಯ ಬೆನ್ನಿಗೆ ಲಡಿಯಾಗಿ ಸುತ್ತಿ, ತೊಳೆದು, ಸುಕ್ಕು ಹೋಗಲೆಂದು ಕೆಳಗೆ ಭಾರ ಕಟ್ಟಿ ಒಣಗಿಸಿ, ಅದರಿಂದ ಮಗುವಿಗೆ ಕುಲಾವಿ, ಕಾಲುಚೀಲ ಹೆಣೆದರು.